ಗುಜರಿ ಸ್ಟೀಲಿಂದ ಕಟ್ಟಿಗಿ ಲೇಥಿನ ಉಳಿ ಮಾಡ್ಕೋಬೇಕು, ಯಾವುದಕ್ಕ ಯಾವ ಸ್ಟೀಲ್ ಹಿಡಿಬೇಕು?

ಹುಬ್ಳಿ ಲೇಥ್:

ಎಲ್ಲಾರಿಗೂ ನಮಸ್ಕಾರ್ರಿ. ಹಳೇ ಹುಬ್ಬಳ್ಳಿಯಾಗ ನಮ್ಮದು ಸಣ್ಣ ಬಡಿಗತನದ ಅಂಗಡಿ, ಹಿಂದಿನ ಶೆಡ್ಡಿನ್ಯಾಗ ಒಂದು ಎಚ್‌ಪಿ ಮೋಟರ್ ಹಾಕಿ ಕಟ್ಟಿಗಿ ಕಡೆಯೋ ಲೇಥ್ ಕೂಡಿಸೇನಿ. ಮಂಚದ ಕಾಲು, ತೊಟ್ಟಿಲ ಕಂಬ, ಲಟ್ಟಣಿಗಿ ಇಂಥಾವು ಕಡೀತೀನಿ, ಮುಂದ ಬಟ್ಟಲು, ಕುಂಕುಮ ಭರಣಿ ಸೈತ ಮಾಡಬೇಕಂತ ಆಸೆ ಐತಿ. ತೊಂದ್ರಿ ಇರೋದು ಉಳಿಗಳದು. ಹೊರದೇಶದ ಸೆಟ್ ಭಾಳ ತುಟ್ಟಿ, ಇಲ್ಲೇ ಸಿಗೋ ಸಸ್ತಾ ಸೆಟ್ ಒಂದು ತಗೊಂಡೇನಿ, ಅದು ಸಾಗವಾನಿಗೆ ನಡೀತೈತಿ ಆದ್ರ ಜಾಲಿ, ಹುಣಸಿ ಹಚ್ಚಿದ ಕೂಡ್ಲೇ ಧಾರ ಹೋಗಿಬಿಡತೈತಿ, ಕಡೆಯೋದಕ್ಕಿಂತ ಸಾಣಿ ಹಿಡಿಯೋದ ಜಾಸ್ತಿ ಆಗೈತಿ.

ಅದಕ್ಕ ಗುಜರಿ ಅಂಗಡಿಯಿಂದ ಒಂದಿಷ್ಟು ಸ್ಟೀಲ್ ಆರಿಸಿ ತಂದೇನಿ. ಲಾರಿ ಸ್ಪ್ರಿಂಗಿನ ಪಟ್ಟಿ, ಜೀಪಿಂದು ಸ್ವಲ್ಪ ತೆಳ್ಳನ ಪಟ್ಟಿ, ಕಾರಿನ ಶಾಕಪ್ ಸ್ಪ್ರಿಂಗ್, ಹಳೇ ಕಾನಸು (ಕಬ್ಬಿಣ ತಿಕ್ಕೋ ಅರ) ಒಂದು ಚೀಲ, ದೊಡ್ಡ ಬೇರಿಂಗ್, ಮಷಿನ್ ಹ್ಯಾಕ್ಸಾ ಬ್ಲೇಡಿನ ತುಂಡು, ಫರ್ನಿಚರ್ ವರ್ಕ್‌ಶಾಪಿನವರು ಬಿಸಾಕಿದ್ದ ಪ್ಲೇನರ್ ಬ್ಲೇಡು. ಈಗ ಇದರಾಗ ಗೋಲ ಉಳಿ (ನಡುವ ಕಾಲುವಿ ಇರೋದು) ಯಾವುದರಿಂದ ಮಾಡ್ಲಿ, ಓರೆ ಉಳಿ (ಮೂತಿ ಓರೆ ಇರೋದು) ಯಾವುದರಿಂದ, ಸ್ಕ್ರೇಪರ್ (ಕೆರೆಯೋದು) ಯಾವುದರಿಂದ, ಪಾರ್ಟಿಂಗ್ ಟೂಲ್ (ಕಡದು ತುಂಡು ಬ್ಯಾರೆ ಮಾಡೋದು) ಯಾವುದರಿಂದ? ಬರೇ ಗ್ರೈಂಡರ್‌ಗೆ ಹಿಡಿದ್ರ ಸಾಕೋ ಏನು ಕುಲಿಮಿಗೆ ಹಾಕಿ ಹದಾ ಹಾಕಬೇಕೋ, ಅಂದ್ರ ಕಾಸಿ ಅದ್ದಿ ಗಡಸು ಮಾಡಬೇಕೋ? ಒಬ್ರು ಕಾನಸಿನ ತುದಿ ತಿಕ್ಕಿ ಹಂಗ ಸ್ಕ್ರೇಪರ್ ಮಾಡ್ಕೋ ಏನೂ ಆಗಂಗಿಲ್ಲ ಅಂದ್ರು, ಅದು ಖರೇನ? ಮಾಡಿದವರು ದಯವಿಟ್ಟು ಹೇಳ್ರಿ.

ಬೆಟಗೇರಿ ಕಟ್ಟಿಗಿ:

ಉಳಿದದ್ದೆಲ್ಲಾ ಆಮ್ಯಾಲೆ, ಮದಲ ಕಾನಸಿಂದು ಕೇಳ್ರಿ. ಕಾನಸ ಇದ್ದಂಗ ತಿಕ್ಕಿ ಲೇಥಿಗೆ ಹಿಡೀಬ್ಯಾಡ್ರಿ. ಕಾನಸಿಗೆ ಗಡಸುತನ ಪೂರ್ತಿ ಇಟ್ಟಿರ್ತಾರ ಯಾಕಂದ್ರ ಅದು ಕಬ್ಬಿಣ ತಿಕ್ಕಬೇಕು, ಬಾಗೋದು ಅದರ ಕೆಲಸಲ್ಲ. ಲೇಥ್ ಮ್ಯಾಲೆ ಕಟ್ಟಿಗಿ ಒಮ್ಮೆ ಜಗ್ಗಿದ್ರ ಉಳಿ ಆನಿಸಿ ಹಿಡಿಯೋ ಟೂಲ್‌ರೆಸ್ಟಿನ ಮ್ಯಾಲೆ ಅದು ಬಾಗಬೇಕು, ಬಾಗಂಗಿಲ್ಲಂದ್ರ ಮುರೀತೈತಿ. ನಾ ಮದಲ ಕೆಲಸ ಮಾಡ್ತಿದ್ದ ವರ್ಕ್‌ಶಾಪಿನ್ಯಾಗ ಹಿಂಗ ಒಬ್ರು ಕಾನಸಿನ ಸ್ಕ್ರೇಪರ್ ಹಿಡಿದು ಬಟ್ಟಲು ಕಡೆಯೋ ಮುಂದ ಅದು ಎರಡು ತುಂಡಾಗಿ ಮುಂದಿನ ತುಂಡು ತಗಡಿನ ಛಾವಣಿಗೆ ಹೋಗಿ ಬಡೀತು, ಮುಖದ ಬಾಜೂಕನ ಹೋತು ಅದು.

ಕಾನಸಿನ ಸ್ಟೀಲ್ ಕೆಟ್ಟದ್ದಲ್ಲ, ಇಂಗಾಲ 1 ಪರ್ಸೆಂಟಿಗಿಂತ ಜಾಸ್ತಿ ಇರ್ತೈತಿ, ಭಾಳ ಛಲೋ ಧಾರ ಹಿಡೀತೈತಿ. ಆದ್ರ ಎರಡೂ ಬಾಜೂ ಹಲ್ಲು ಪೂರಾ ಹೋಗೋತನಕ ತಿಕ್ಕಬೇಕು, ಆ ಹಲ್ಲಿನ ಬುಡದ ಗೀರಿನಿಂದನ ಬಿರುಕು ಶುರು ಆಗೋದು. ಆಮ್ಯಾಲೆ ಬಿಸಿ ಮಾಡಿ ಗಡಸುತನ ಸ್ವಲ್ಪ ಇಳಿಸಬೇಕು. ಹಿಡಿಕಿ ಒಳಗ ಹೋಗೋ ಬಾಲದ ಹತ್ರ ಅಗಲ ಇದ್ದದ್ದು ಒಮ್ಮೆಲೇ ಸಣ್ಣ ಆಗತೈತಲ್ಲ ಆ ಮೂಲಿನೂ ದುಂಡಗ ತಿಕ್ಕಿ ಇಳಿಜಾರು ಮಾಡ್ರಿ, ಅಲ್ಲೇ ಮುರಿಯೋದು ಜಾಸ್ತಿ. ಇಷ್ಟು ಮಾಡಿದ್ರೂ ನಾನು ಕಾನಸಿನ ಉಳಿ ಸಣ್ಣ ಕೆಲಸಕ್ಕಷ್ಟ ಹಿಡೀತೀನಿ, ಲಟ್ಟಣಿಗಿ, ಗೂಟ, ಗುಂಡಿ ಇಂಥಾದ್ದಕ್ಕ. ಬಟ್ಟಲಿಗೆ ಹಿಡಿಯಂಗಿಲ್ಲ.

ಗೋಕುಲರೋಡ್ ಫಿಟ್ಟರ್:

ಬೆಟಗೇರಿ ಅಣ್ಣಾರು ಹೇಳಿದ್ದು ಬರೋಬ್ಬರಿ ಐತಿ. ನಾನು ಮಷಿನ್ ಶಾಪಿನ್ಯಾಗ ಕೆಲಸ ಮಾಡಾವ, ಮನ್ಯಾಗ ಸಣ್ಣ ಕಟ್ಟಿಗಿ ಲೇಥ್ ಐತಿ, ನನ್ನ ಉಳಿ ಎಲ್ಲಾ ನಾನ ಮಾಡ್ಕೊಂಡದ್ದು. ನಿಮ್ಮ ಚೀಲದಾಗ ಎಲ್ಲಕ್ಕಿಂತ ಕಿಮ್ಮತ್ತಿನ ಮಾಲು ಅಂದ್ರ ಹ್ಯಾಕ್ಸಾ ಬ್ಲೇಡು ಮತ್ತ ಪ್ಲೇನರ್ ಬ್ಲೇಡು, ಲಾರಿ ಪಟ್ಟಿ ಅಲ್ಲ. ಯಾಕಂದ್ರ ಅವು ಎಚ್‌ಎಸ್‌ಎಸ್, ಅಂದ್ರ ಹೈ ಸ್ಪೀಡ್ ಸ್ಟೀಲ್. ನಮ್ಮಲ್ಲಿ ಜಾಸ್ತಿ ಸಿಗೋ ಎಂ2 ಗ್ರೇಡಿನ್ಯಾಗ ಸುಮಾರು 6 ಪರ್ಸೆಂಟ್ ಟಂಗ್‌ಸ್ಟನ್, 5 ಪರ್ಸೆಂಟ್ ಮಾಲಿಬ್ಡಿನಮ್, 4 ಕ್ರೋಮಿಯಂ, 2 ವೆನೇಡಿಯಂ ಇರ್ತೈತಿ, ಅದರಿಂದ 500 ಡಿಗ್ರಿ ದಾಟಿದ್ರೂ ಗಡಸುತನ ಬಿಡಂಗಿಲ್ಲ. ಗ್ರೈಂಡರ್‌ನ್ಯಾಗ ತುದಿ ನೀಲಿ ಆದ್ರೂ ಚಿಂತಿಲ್ಲ. ಅದ ಕಾನಸ ಅಥವಾ ಸ್ಪ್ರಿಂಗ್ ಪಟ್ಟಿಯಿಂದ ಹದಾ ಹಾಕಿ ಮಾಡಿದ ಉಳಿ ನೀಲಿ ಆತಂದ್ರ ಅಲ್ಲಿ ಹದಾ ಹೋತು ಅಂತ ತಿಳ್ಕೋರಿ, ಆ ನೀಲಿ ಪೂರಾ ತಿಕ್ಕಿ ತೆಗೀಬೇಕಾಗತೈತಿ.

ಜಾಲಿ, ಹುಣಸಿ ಕಡೀತೀನಿ ಅಂತೀರಿ, ಅಂಥಾ ಗಟ್ಟಿ ಕಟ್ಟಿಗಿಗೆ ಎಚ್‌ಎಸ್‌ಎಸ್ ಬಿಟ್ಟು ಬ್ಯಾರೆ ವಿಚಾರನ ಮಾಡಬ್ಯಾಡ್ರಿ. ಇನ್ನೊಂದು, ಎಚ್‌ಎಸ್‌ಎಸ್ ಬೆಂಕಿಗೆ ಹಾಕಬ್ಯಾಡ್ರಿ. ಅದಕ್ಕ ಹದಾ ಹಾಕಾಕ 1200 ಡಿಗ್ರಿ ಆಸುಪಾಸು ಬೇಕು, ಅದು ಕುಲಿಮ್ಯಾಗ ಕಣ್ಣಳತಿಲೆ ಆಗೋ ಕೆಲಸಲ್ಲ, ಇದ್ದ ಹದಾನೂ ಕೆಡತೈತಿ. ಬರೇ ತಿಕ್ಕಿ ಆಕಾರ ಕೊಡ್ರಿ ಅಷ್ಟ. ತಿಕ್ಕೋ ಮುಂದ ಕಾದ ಎಚ್‌ಎಸ್‌ಎಸ್ ತಗೊಂಡು ತಣ್ಣೀರಾಗ ಅದ್ದಬ್ಯಾಡ್ರಿ, ಧಾರದಾಗ ಕಣ್ಣಿಗೆ ಕಾಣಲಾರದಂಥಾ ಬಿರುಕು ಬೀಳ್ತಾವ, ಗಾಳಿಗೆ ಆರಲಿ.

ಹ್ಯಾಕ್ಸಾ ಬ್ಲೇಡಿಂದ ಪಾರ್ಟಿಂಗ್ ಟೂಲ್ ಮಾಡ್ರಿ, 2 ಎಂಎಂ ದಪ್ಪ ಇರ್ತೈತಿ, ಅದಕ್ಕಂತನ ಮಾಡಿದಷ್ಟು ಹೊಂದತೈತಿ. ಹಲ್ಲು ತಿಕ್ಕಿ ತೆಗೀರಿ, ಮೂತಿ 50 ಡಿಗ್ರಿ ಸುಮಾರು ಚೂಪ ಮಾಡ್ರಿ, ಮೂತಿ ಹಿಂದ ಎರಡೂ ಬಾಜೂ ಒಂಚೂರು ತಿಕ್ಕಿ ತೆಳ್ಳಗ ಮಾಡ್ರಿ, ಇಲ್ಲಂದ್ರ ಆಳಕ್ಕ ಹೋದಂಗ ಬಾಜೂ ಉಜ್ಜಿ ಹೊಗಿ ಬರತೈತಿ. ತೂತು ಕೊರಿಯಾಕ ಹೋಗಬ್ಯಾಡ್ರಿ, ಡ್ರಿಲ್ ಬಿಟ್ಟೂ ಅದ ಸ್ಟೀಲ್, ಕೊರಿಯಂಗಿಲ್ಲ. ಎರಡು ಕಟ್ಟಿಗಿ ಚಕ್ಕಿ ನಡುವ ಕೂಡಿಸಿ ಅರಾಲ್ಡೈಟ್ ಹಾಕಿ ಒತ್ತಿಬಿಡ್ರಿ. ಪೂರಾ ಎಚ್‌ಎಸ್‌ಎಸ್ ಬ್ಲೇಡು ಬಾಗಿದ್ರ ಮುರಿಯೋ ವಸ್ತು, ಅದಕ್ಕ ಟೂಲ್‌ರೆಸ್ಟಿಂದ 2-3 ಸೆಂಟಿಮೀಟರಿಗಿಂತ ಹೊರಗ ಬಿಡಬ್ಯಾಡ್ರಿ, ಕನ್ನಡಕಾ ಹಾಕ್ಕೊಂಡ ಕಡೀರಿ.

ಪ್ಲೇನರ್ ಬ್ಲೇಡು 3 ಎಂಎಂ ಇರ್ತೈತಿ, ಒಂದ ಹಿಡಿದ್ರ ಗಡಗಡ ನಡಗತೈತಿ. 8 ಅಥವಾ 10 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿ ಮ್ಯಾಲೆ ಮೂತಿಗೆ ಒಂದು ತುಂಡು ಕೂಡಿಸ್ರಿ, ಕೂಡಿಸಾಕ ಅರಾಲ್ಡೈಟೂ ನಡೀತೈತಿ ಬೆಳ್ಳಿ ಬೆಸುಗಿನೂ ನಡೀತೈತಿ. ಬಟ್ಟಲಿನ ಸ್ಕ್ರೇಪರ್ ಆತು.

ಕಲಘಟಗಿ ಬಡಿಗ:

ತಮ್ಮಾ, ಎಚ್‌ಎಸ್‌ಎಸ್ ಗಟ್ಟಿ ಅನ್ನೋದು ನಾನೂ ಒಪ್ಪತೀನಿ. ಆದ್ರ ನಮ್ಮೂರ ಕಡೆ ತೊಟ್ಟಿಲ ಕಂಬಕ್ಕ ಅರಗಿನ ಬಣ್ಣ ಹಾಕೋರು ಕೇಳು, ಅರಗು ಹಚ್ಚೋ ಮದಲ ಕಟ್ಟಿಗಿ ಮ್ಯಾಲೆ ಒಂದು ಗೆರಿ ಇದ್ರೂ ಬಣ್ಣದಾಗ ಎದ್ದು ಕಾಣತೈತಿ. ಆ ಕಡೀ ಕೈ ಓರೆ ಉಳಿಲೆ ಹೊಡೀಬೇಕು, ಸ್ಯಾಂಡ್ ಪೇಪರ್ ಮುಟ್ಟಿಸಬಾರದು, ಅಂಥಾ ನುಣುಪು ಕಂಬಾರ ಬಡಿದ ಉಳಿ ಕೊಟ್ಟಂಗ ಮಷಿನ್ ಬ್ಲೇಡು ಕೊಡಂಗಿಲ್ಲ. ಸಾದಾ ಸ್ಟೀಲಿನ ಧಾರ ಭಾಳ ಸಣ್ಣಾಗಿ ಬರತೈತಿ, ಬೇಗ ಹೋಗತೈತಿ ಖರೆ, ಆದ್ರ ಕಲ್ಲಿಗೆ ನಾಕ ಸಲ ಎಳೆದ್ರ ಮತ್ತ ಬರತೈತಿ. ಒರಟು ಕೆಲಸಕ್ಕ ಅವರು ಹೇಳಿದ್ದು ಹಿಡಿ, ಕಡೀ ಕೈಗೆ ಸ್ಪ್ರಿಂಗ್ ಪಟ್ಟಿಯ ಓರೆ ಉಳಿ ಒಂದು ಇಟ್ಕೋ. ಜೀಪಿನ ತೆಳ್ಳನ ಪಟ್ಟಿ ಅದಕ್ಕ ಸರಿ, ಲಾರಿದು 10-12 ಎಂಎಂ ಇರ್ತೈತಿ, ಅದನ್ನ ದೊಡ್ಡ ಸ್ಕ್ರೇಪರ್‌ಗೆ ಇಡು.

ಪಟ್ಟಿ ತಂದ ಕೂಡ್ಲೇ ಕತ್ತರಿಸಾಕ ಹೋಗಬ್ಯಾಡ. ಲಾರಿ ಕೆಳಗ ವರ್ಷಗಟ್ಟಲೆ ಬಾಗಿ ಎದ್ದು ಬಾಗಿ ಎದ್ದು ಬಂದದ್ದು ಅದು, ಒಳಗ ಕೂದಲೆಳಿ ಬಿರುಕು ಇರ್ತಾವ. ಬಣ್ಣ, ಗ್ರೀಸು ಎಲ್ಲಾ ತಿಕ್ಕಿ ತೆಗದು ಸೀಮೆಎಣ್ಣಿ ಹಚ್ಚಿ ರಾತ್ರಿ ಪೂರಾ ಬಿಡು, ಮುಂಜಾನೆ ಅರಿವೀಲೆ ಒಣಗೋವಂಗ ಒರಸಿ ಮ್ಯಾಲೆ ಖಡು ಪುಡಿ ತೆಳ್ಳಗ ಹಚ್ಚು. ಬಿರುಕು ಇದ್ದಲ್ಲಿ ಒಳಗ ಹೊಕ್ಕ ಎಣ್ಣಿ ಮ್ಯಾಲೆ ಬಂದು ಪುಡಿ ಮ್ಯಾಲೆ ಕರೇ ಗೆರಿ ಮೂಡತೈತಿ. ಹಂಗ ಗೆರಿ ಮೂಡಿದ ತುಂಡು ತಿರುಗಿ ಗುಜರಿಗೆ ಹಾಕು, ಬ್ಯಾರೆ ವಿಚಾರ ಬ್ಯಾಡ. ನಡುವಿನ ಬೋಲ್ಟಿನ ತೂತಿನ ಆಸುಪಾಸು ಜಾಸ್ತಿ ಇರ್ತಾವ, ಆ ಭಾಗ ಹೆಂಗೂ ಬಿಡು.

ಇನ್ನ ಹದಾ. ಪಟ್ಟಿ ಇದ್ದಂಗ ಧಾರ ಹಿಡಿದ್ರ ಎರಡು ನಿಮಿಷ ನಿಲ್ಲಂಗಿಲ್ಲ, ಯಾಕಂದ್ರ ಸ್ಪ್ರಿಂಗ್ ಬಾಗಲಿ ಅಂತ ಅದಕ್ಕ ಮೆತ್ತನ ಹದಾ ಇಟ್ಟಿರ್ತಾರ. ಆದ್ರ ಅದ ನಮಗ ಲಾಭ. ಪೂರಾ ಉಳಿಗೆ ಹದಾ ಹಾಕೋದು ಬ್ಯಾಡ, ತುದಿ 5 ಸೆಂಟಿಮೀಟರ್ ಅಷ್ಟ ಹಾಕು, ಹಿಂದಿಂದು ಸ್ಪ್ರಿಂಗ್ ಹಂಗ ಉಳೀಲಿ, ಜಗ್ಗಿದ್ರ ಮುರಿಯಂಗಿಲ್ಲ.

ಕಂಬಾರಗ ಕೊಟ್ಟು ಬಿಟ್ಟು ಬರಬ್ಯಾಡ, ಬಾಜೂಕ ನಿಂದ್ರು. ನಮ್ಮ ಕಡೆ ಕುಡಗೋಲು ಕೊಡ್ಲಿ ಮಾಡೋ ಕೈ ನೀರಿಗೆ ಅದ್ದತೈತಿ, ಸ್ಪ್ರಿಂಗ್ ಪಟ್ಟಿ ನೀರಿಗೆ ಹಾಕಿದ್ರ ಟಕ್ ಅಂತ ಸಪ್ಪಳ ಬರತೈತಿ, ಅದು ಬಿರುಕು ಬಿಟ್ಟ ಸಪ್ಪಳ. ಎಣ್ಣಿ ಬೇಕಂತ ಹೇಳು. ಶೇಂಗಾ ಎಣ್ಣಿ ಸಾಕು, ಸುಟ್ಟ ಇಂಜಿನ್ ಆಯಿಲ್ ಹಾಕಬ್ಯಾಡ ಅದರ ಹೊಗಿ ಎದಿಗೆ ಕೆಟ್ಟದ್ದು. ಕಬ್ಬಿಣದ ಡಬ್ಬ್ಯಾಗ ನಾಕ ಐದು ಲೀಟರ್ ಹಾಕು, ಪ್ಲಾಸ್ಟಿಕ್ ಬಕೆಟ್ ಬ್ಯಾಡ, ಮುಚ್ಚಾಕ ತಗಡು ಕೈಗೆ ಸಿಗೋವಂಗ ಇಟ್ಕೋ, ಎಣ್ಣಿಗೆ ಬೆಂಕಿ ಹತ್ತಿದ್ರ ಮುಚ್ಚಬೇಕು, ನೀರು ಮಾತ್ರ ಹಾಕಬಾರದು. ಮದಲ ಒಂದು ಕೆಂಪ ಕಾದ ಕಬ್ಬಿಣದ ತುಂಡು ಅದ್ದಿ ಎಣ್ಣಿ ಸ್ವಲ್ಪ ಬಿಸಿ ಮಾಡ್ಕೋ, 50-60 ಡಿಗ್ರಿ, ತಣ್ಣನ ಎಣ್ಣಿಗಿಂತ ಬೆಚ್ಚನ ಎಣ್ಣಿ ಛಲೋ ಹರದು ತಣಸತೈತಿ.

ಸಂಜಿ ಹೊತ್ತು ನೆರಳಾಗ ಮಾಡು, ಬಿಸಲಾಗ ಕಬ್ಬಿಣದ ಬಣ್ಣ ಕಣ್ಣಿಗೆ ಮೋಸ ಮಾಡತೈತಿ. ಒಂದು ಅಯಸ್ಕಾಂತ ತಂತಿಗೆ ಕಟ್ಟಿ ಇಟ್ಕೋ. ಉಳಿ ತುದಿ ಕೆಂಪ ಆಗೂತ ಬಂದಂಗ ಮುಟ್ಟಿಸಿ ನೋಡು, ಹಿಡಿಯೋದು ಬಿಟ್ಟತಂದ್ರ ಅಲ್ಲಿಂದ ಇನ್ನೊಂಚೂರು ಕಾಯಲಿ, ಅಷ್ಟ. ಹಳದಿ ತನಕ ಕಾಸಿದ್ರ ಒಳಗಿನ ಕಣ ದಪ್ಪ ಆಗಿ ಮುಂದ ಧಾರ ಪುಡಿ ಪುಡಿ ಉದುರತೈತಿ. ಮೂತಿ ಕೆಳಗ ಮಾಡಿ ನೆಟ್ಟಗ ಎಣ್ಣ್ಯಾಗ ಇಳಿಸು, ಮ್ಯಾಲೆ ಕೆಳಗ ಆಡಿಸು, ಬಾಜೂಕ ಆಡಿಸಬ್ಯಾಡ ಸೊಟ್ಟ ಆಗತೈತಿ. ಆರಿದ ಮ್ಯಾಲೆ ಕಾನಸ ಎಳೆದು ನೋಡು. ಕಾನಸ ಕಡೀದ ಜಾರಿತಂದ್ರ ಹದಾ ಕೂತದ.

ಆ ಸ್ಥಿತಿಯಾಗ ಉಳಿ ಗಾಜಿನಷ್ಟ ಪೆಡಸು, ಕೆಳಗ ಬೀಳಸಬ್ಯಾಡ. ಅವತ್ತ ಕಾವು ಇಳಿಸಬೇಕು, ಅಂದ್ರ ಮತ್ತ ಸ್ವಲ್ಪ ಕಾಸಿ ಪೆಡಸು ಕಡಿಮಿ ಮಾಡಬೇಕು. ಸ್ಯಾಂಡ್ ಪೇಪರ್ಲೆ ಒಂದು ಮೈ ಬೆಳ್ಳಗ ತಿಕ್ಕು, ಬಾಣಲಿಯಾಗ ಉಸುಕು ಹಾಕಿ ಗ್ಯಾಸ್ ಮ್ಯಾಲೆ ಇಡು, ಉಳಿ ಅದರ ಮ್ಯಾಲೆ ಬೆಳ್ಳನ ಮೈ ಕಾಣೋವಂಗ ಮಲಗಿಸು. ಮದಲ ಏನೂ ಕಾಣಂಗಿಲ್ಲ, ಆಮ್ಯಾಲೆ ತೆಳ್ಳನ ಹಳದಿ ಬರತೈತಿ, ಒಣ ಕಣಿಕಿ ಬಣ್ಣ ಬಂತಂದ್ರ ತಗದು ಆರಾಕ ಇಡು. ಕಂದು ಬಣ್ಣಕ್ಕ ಹೋತಂದ್ರ ಇನ್ನೂ ನಡೀತೈತಿ, ನೇರಳಿ, ನೀಲಿ ಆತಂದ್ರ ತಿರುಗಿ ಮದಲಿಂದ ಹದಾ ಹಾಕಬೇಕು. ಸ್ಪ್ರಿಂಗ್ ಪಟ್ಟಿಗೆ ತಿಳಿ ಕಣಿಕಿ ಬಣ್ಣ ಸಾಕು, ಕಾನಸಿನ ಸ್ಟೀಲಿಗೆ ಕಂದು ಅಂಚಿಗೆ ಬರೂತನಕ ಬಿಡು, ಅದು ಜಾಸ್ತಿ ಪೆಡಸು.

ಹುಬ್ಳಿ ಲೇಥ್:

ಕಾಕಾ ಇಷ್ಟು ಬಿಡಿಸಿ ಹೇಳಿದ್ದಕ್ಕ ಭಾಳ ಉಪಕಾರ ಆತ್ರಿ. ಫಿಟ್ಟರ್ ಅಣ್ಣಾ ನಿಮಗೂ. ಕಾನಸು ಹಂಗ ಹಿಡಿಯೋ ವಿಚಾರ ಬಿಟ್ಟೇನಿ.

ಎಲ್ಲಾನೂ ಗ್ರೈಂಡರ್‌ಗೆ ಹಿಡಿದು ಕಿಡಿ ನೋಡಿದೆ, ಶೆಡ್ಡಿನ ಬಾಗಲಾ ಹಾಕಿ ಕತ್ತಲಿ ಮಾಡಿ. ಪ್ಲೇನರ್ ಬ್ಲೇಡಿಗೆ ಕಿಡಿನ ಕಡಿಮಿ, ಮಬ್ಬು ಕೆಂಪ, ಮೋಟು, ಒಡಿಯಂಗಿಲ್ಲ. ಹ್ಯಾಕ್ಸಾ ಬ್ಲೇಡು ಒಂದು ಅದ ಥರ, ಇನ್ನೊಂದು ಹಲ್ಲಿನ ಕಡೆ ಕೆಂಪ ಕಿಡಿ ಆದ್ರ ಬೆನ್ನಿನ ಕಡೆ ಹಳದಿ ಕಿಡಿ ಒಡದು ಬರ್ತಾವ. ಲಾರಿ ಪಟ್ಟಿ ಹಳದಿ ಕಿಡಿ, ತುದಿಗೆ ಸ್ವಲ್ಪ ಕವಲು. ಕಾನಸಿಗೆ ಚಕ್ರದ ಬುಡದಿಂದನ ಕವಲು ಕವಲು ಒಡದು ಸಿಡೀತಾವ. ಆದ್ರ ಎರಡು ಕಾನಸು ಮ್ಯಾಲೆ ತಿಕ್ಕಿದಾಗ ಹಂಗ ಇತ್ತು, ಒಳಗ ಹೋದಂಗ ಉದ್ದ ಕಿಡಿ ಬಂದು ಕವಲು ನಿಂತ್ವು. ಬೇರಿಂಗಿನ ದುಂಡನ ಬಳಿನೂ (ಉಂಗುರ) ಛಲೋ ಕವಲು ಒಡೀತು. ಗುಜರಿಯವ ಸ್ಟೀಲ್ ಅಂತ ಕೊಟ್ಟ ಒಂದು ರಾಡ್ ಮಾತ್ರ ಉದ್ದುದ್ದ ಕಿಡಿ, ಕವಲ ಇಲ್ಲ. ಇವೆಲ್ಲಾ ಏನಂತ ಯಾರರೆ ಹೇಳ್ರಿ. ಗೋಲ ಉಳಿ ಮಾಡೋದೂ ಯಾರೂ ಹೇಳಲಿಲ್ಲ ಇನ್ನೂ.

ಐಟಿಐ ಮಾಸ್ತರ:

ಛಲೋ ನೋಡಿರಿ, ಕಿಡಿ ಓದೋದು ಬಂತಂದ್ರ ಗುಜರಿಯವರು ಹೇಳಿದ್ದು ನಂಬೋ ಕಾರಣ ಇಲ್ಲ. ಕವಲು ಒಡೆಯೋದು ಇಂಗಾಲದಿಂದ. ಇಂಗಾಲ ಜಾಸ್ತಿ ಇದ್ದಷ್ಟು ಕವಲು ಜಾಸ್ತಿ, ಅದೂ ಚಕ್ರದ ಹತ್ರ. ಟಂಗ್‌ಸ್ಟನ್ ಇದ್ದದ್ದು ಆ ಕವಲು ಅಡಗಿಸಿ ಮಬ್ಬು ಕೆಂಪ ಮಾಡತೈತಿ, ಅದಕ್ಕ ಎಚ್‌ಎಸ್‌ಎಸ್ ಹಂಗ ಕಾಣೋದು. ಎರಡು ಬಣ್ಣ ಬಂದ ಹ್ಯಾಕ್ಸಾ ಬ್ಲೇಡು ಬೈಮೆಟಲ್, ಹಲ್ಲಿನ ಅಂಚಷ್ಟ ಎಚ್‌ಎಸ್‌ಎಸ್, ಬೆನ್ನು ಸ್ಪ್ರಿಂಗ್ ಸ್ಟೀಲು, ಅದರಿಂದ ಪಾರ್ಟಿಂಗ್ ಟೂಲ್ ಮಾಡಿದ್ರ ಹಲ್ಲಿನ ಸಂಗಡ ಎಚ್‌ಎಸ್‌ಎಸ್ ಸೈತ ತಿಕ್ಕಿ ಹೋಗತೈತಿ. ಪೂರಾ ಕೆಂಪ ಕಿಡಿ ಬಂದ ಇನ್ನೊಂದು ಬ್ಲೇಡು ಹಿಡೀರಿ. ಒಳಗ ಕವಲು ನಿಂತ ಆ ಎರಡು ಕಾನಸು ಮ್ಯಾಲಿನ ಪದರಿಗಷ್ಟ ಇಂಗಾಲ ಕುಡಿಸಿದ ಸಸ್ತಾ ಮಾಲು, ಒಳಗ ಮೆತ್ತನ ಕಬ್ಬಿಣ, ಉಳಿಗೆ ಬರಂಗಿಲ್ಲ. ಆ ರಾಡ್ ಎಂಎಸ್, ಹಿಡಿಕಿ ಒಳಗ ಹಾಕೋ ಹೋಲ್ಡರ್ ಮಾಡ್ಕೋರಿ. ಬೇರಿಂಗಿನ ಬಳಿ ನಮ್ಮಲ್ಲಿ ಇಎನ್ 31 ಅಂತ ಕರಿಯೋ ಸ್ಟೀಲ್ ಇರ್ತೈತಿ, 1 ಪರ್ಸೆಂಟ್ ಇಂಗಾಲ, ಒಂದೂವರೆ ಪರ್ಸೆಂಟ್ ಸುಮಾರು ಕ್ರೋಮಿಯಂ. ಉತ್ತಮ ಸ್ಟೀಲು ಆದ್ರ ದುಂಡಗಿನ ಬಳಿ ಕಾಸಿ ಬಡಿದು ನೆಟ್ಟಗ ಮಾಡೋದು ನುರಿತ ಕೈ ಕೆಲಸ, ಕಡಿಮಿ ಬಿಸಿಯಾಗ ಬಡಿದ್ರ ಸೀಳತೈತಿ. ಮದಲ ಉಳಿ ಅದರಿಂದ ಬ್ಯಾಡ.

ಲಾರಿ ಪಟ್ಟಿ ನಮ್ಮ ದೇಶದಾಗ ಜಾಸ್ತಿ ಇಎನ್ 45 ಥರದ ಸಿಲಿಕಾನ್ ಮ್ಯಾಂಗನೀಸ್ ಸ್ಟೀಲು ಇಲ್ಲಾ ಕ್ರೋಮಿಯಂ ಹಾಕಿದ ಸ್ಪ್ರಿಂಗ್ ಸ್ಟೀಲು, ಎರಡರಾಗೂ ಇಂಗಾಲ ಅರ್ಧ ಪರ್ಸೆಂಟಿಗಿಂತ ಸ್ವಲ್ಪ ಮ್ಯಾಲೆ. ಅದಕ್ಕ ಕಲಘಟಗಿಯವರು ಹೇಳಿದ ತಿಳಿ ಕಣಿಕಿ ಬಣ್ಣ ಸರಿ, 200-220 ಡಿಗ್ರಿ ಆಗತೈತಿ. ಮನ್ಯಾಗ ಓಟಿಜಿ (ಕರೆಂಟ್ ಓವನ್) ಇದ್ರ ಅದರಾಗ ಒಂದ್ ತಾಸಿನಂಗ ಎರಡು ಸಲ ಇಡ್ರಿ, ಉಸುಕಿಗಿಂತ ಸಮಾ ಕಾಯತೈತಿ.

ಒಂದು ಮಾತು ನಾನು ಹುಡುಗರಿಗೂ ಹೇಳೋದು. ಗುಜರಿ ಸ್ಟೀಲ್ ಸಸ್ತಾ ಖರೆ, ಆದ್ರ ಹದಾ ಹಾಕೋ ಕೆಲಸ ಹೆಂಗೂ ಮಾಡೋದ ಇದ್ರ ಒಎಚ್‌ಎನ್‌ಎಸ್ (ಎಣ್ಣ್ಯಾಗ ಹದಾ ಆಗೋ ಟೂಲ್ ಸ್ಟೀಲ್) ಹೊಸಾ ಪಟ್ಟಿ ತಗೋಬಹುದು, ಸ್ಟೀಲ್ ಮಾರೋ ಅಂಗಡಿಯಾಗ ಕತ್ತರಿಸಿ ಕೊಡ್ತಾರ, ಮೆತ್ತಗ ಇರ್ತೈತಿ, ಗರಗಸ, ಕಾನಸ ಎಲ್ಲಾ ಹತ್ತತಾವ, 800 ಡಿಗ್ರಿ ಆಸುಪಾಸು ಕಾಸಿ ಎಣ್ಣಿಗೆ ಹಾಕಿದ್ರ ಸೊಟ್ಟ ಆಗೋದೂ ಕಡಿಮಿ. ಒಳಗ ಏನೈತಿ ಅಂತ ಗೊತ್ತಿದ್ದ ಸ್ಟೀಲು ಅದು. ಒಮ್ಮೆ ಅದರಿಂದ ಕಲ್ತು ಆಮ್ಯಾಲೆ ಸ್ಪ್ರಿಂಗ್ ಪಟ್ಟಿಗೆ ಹೋದ್ರ ಕೈ ಕೂಡತೈತಿ.

ಇನ್ನೊಂದು ಹುಬ್ಬಳ್ಳಿಯವರಿಗೆ ಹೇಳಲೇಬೇಕು. ರೈಲ್ವೆ ಊರು ನಮ್ಮದು, ಹಳಿ ಕ್ಲಿಪ್ ಗುಜರಿಯಾಗ ಕಂಡ್ರ ಆಸೆ ಆಗತೈತಿ, ಅದೂ ಸಿಲಿಕಾನ್ ಮ್ಯಾಂಗನೀಸ್ ಸ್ಪ್ರಿಂಗ್ ಸ್ಟೀಲ, ವಿಡಿಯೋದಾಗ ಎಲ್ಲಾರೂ ಅದರಿಂದ ಚಾಕು ಬಡೀತಾರ. ಮುಟ್ಟಬ್ಯಾಡ್ರಿ. ರೈಲ್ವೆ ಸಾಮಾನು ಲೆಕ್ಕ ಇಲ್ಲದ ಕೈಯಾಗ ಸಿಕ್ರ 1966ರ ರೈಲ್ವೆ ಆಸ್ತಿ ಕಾಯ್ದಿ ಪ್ರಕಾರ ಅಪರಾಧ, 5 ವರ್ಷದ ತನಕ ಜೈಲು ಐತಿ. ಎಲ್ಲಿಂದ ಬಂತು ಅನ್ನೋದು ತೋರಿಸೋ ಜವಾಬ್ದಾರಿ ನಿಮ್ಮ ಮ್ಯಾಲೆ ಬರತೈತಿ. ಲಾರಿ ಪಟ್ಟಿ ಬೇಕಾದಷ್ಟು ಸಿಗೋವಾಗ ಅದರ ಗೊಡವಿ ಯಾಕ.

ಬ್ಯಾಡಗಿ ರೈತ:

ನಮ್ಮ ಕಡೆ ರೋಟವೇಟರ್ ಬ್ಲೇಡು ಸವದದ್ದು ರಾಶಿ ಬಿದ್ದಾವ, ಟ್ರ್ಯಾಕ್ಟರ್ ಇದ್ದವರ ಮನಿ ಮನಿಗೂ. ಅದರಿಂದ ಉಳಿ ಆಗತೈತೇನ್ರಿ? ಮಣ್ಣು ಕಲ್ಲು ಎಲ್ಲಾ ತಡಕೊಂಡದ್ದು, ಕಟ್ಟಿಗಿ ಏನು ಮಾಡತೈತಿ ಅಂತ ನನ್ನ ವಿಚಾರ.

ಐಟಿಐ ಮಾಸ್ತರ:

ಮಣ್ಣು ತಡಕೊಳ್ಳೋದು ಬ್ಯಾರೆ, ತೆಳ್ಳನ ಧಾರ ಹಿಡಿಯೋದು ಬ್ಯಾರೆ. ಈಗಿನ ರೋಟವೇಟರ್ ಬ್ಲೇಡು ಭಾಳಷ್ಟು ಬೋರಾನ್ ಸ್ಟೀಲಿನ್ಯಾಗ ಬರ್ತಾವ, ಇಂಗಾಲ 0.3 ಪರ್ಸೆಂಟ್ ಆಸುಪಾಸು. ಕಲ್ಲಿಗೆ ಬಡಿದ್ರೂ ಮುರೀಬಾರದು ಅಂತ ಹಂಗ ಮಾಡಿರ್ತಾರ. ಕಿಡಿ ನೋಡ್ರಿ, ಕವಲು ಕಡಿಮಿ ಇದ್ರ ಬಿಡ್ರಿ. ಹಳೇ ಕಾಲದ ಕೆಲವು ಸ್ಪ್ರಿಂಗ್ ಸ್ಟೀಲಿನಾವು ಇರ್ತಾವ, ಅವು ಬರ್ತಾವ.

ಗೋಕುಲರೋಡ್ ಫಿಟ್ಟರ್:

ಕಲಘಟಗಿ ಕಾಕಾರ ಜೋಡಿ ನುಣುಪಿನ ವಿಷಯದಾಗ ಪೂರಾ ಒಪ್ಪಂಗಿಲ್ಲ ನಾನು. ಎಚ್‌ಎಸ್‌ಎಸ್ ಗ್ರೈಂಡರ್ ಮ್ಯಾಲಿಂದ ಹಂಗ ತಗೊಂಡು ಹಿಡಿದ್ರ ಗೆರಿ ಬೀಳ್ತಾವ ಖರೆ, 80 ನಂಬರ್ ಬಿಳೇ ಚಕ್ರದಾಗ ತಿಕ್ಕಿ ಆಮ್ಯಾಲೆ ಡೈಮಂಡ್ ಪ್ಲೇಟಿಗೆ ಎಳೆದು ಚರ್ಮದ ಮ್ಯಾಲೆ ಪಾಲಿಶ್ ಮಾಡಿದ ಓರೆ ಉಳಿ ಹಿಡಿದು ನೋಡ್ರಿ, ಸಾಗವಾನಿ ಹೊಳಪು ಬರತೈತಿ. ಕಾಕಾರ ಕೈಗೆ ಸಾದಾ ಸ್ಟೀಲ್ ಕೂತೈತಿ, ಅದು ಬ್ಯಾರೆ ಮಾತು.

ಗೋಲ ಉಳಿ ಕೇಳಿದ್ರಿ. ಎಲ್ಲಾದರಾಗ ಕಷ್ಟದ್ದು ಇದ. ಶಾಕಪ್ ಸ್ಪ್ರಿಂಗ್ ಕಾಸಿ ನೆಟ್ಟಗ ಮಾಡಿಸಿ, ಬೂದ್ಯಾಗ ಹುಗದು ರಾತ್ರಿ ಪೂರಾ ಆರಲಿ ಅಂತ ಬಿಡ್ರಿ, ಮೆತ್ತಗ ಆಗತೈತಿ. ಮಿಲ್ಲಿಂಗ್ ಮಷಿನ್ ಇದ್ದಲ್ಲಿ ಒಯ್ದು ಬಾಲ್‌ನೋಸ್ ಕಟರ್ಲೆ ನಡುವ ಕಾಲುವಿ ಹೊಡಸ್ರಿ, ಆಮ್ಯಾಲೆ ಹದಾ. ಮಿಲ್ಲಿಂಗ್ ಬ್ಯಾಡಂದ್ರ ಕಂಬಾರನ ಕಡೆ ಅರ್ಧ ಸೀಳಿದ ಪೈಪಿನ ಮ್ಯಾಲೆ ಕೆಂಪ ಕಾದ ತೆಳ್ಳನ ಪಟ್ಟಿ ಇಟ್ಟು ಮ್ಯಾಲೆ ರಾಡ್ ಇಟ್ಟು ಬಡಸ್ರಿ, ಒರಟು ಕೆಲಸದ ಅಗಲ ಗೋಲ ಉಳಿ ಹಂಗ ಆಗತೈತಿ. ಹೆಂಗ ಮಾಡಿದ್ರೂ ಒಳಗಿನ ಕಾಲುವಿ ಕನ್ನಡಿ ಹೊಳಿಯೋತನಕ ತಿಕ್ಕ್ರಿ. ಧಾರ ಅಂದ್ರ ಹೊರಗಿನ ಮೈ ಒಳಗಿನ ಮೈ ಕೂಡೋ ಅಂಚು, ಹೊರಗಿಂದು ಎಷ್ಟ ಛಲೋ ತಿಕ್ಕಿದ್ರೂ ಒಳಗ ಕುಲಿಮಿ ಕಪ್ಪ, ಗೀರು ಉಳಿದ್ರ ಧಾರಕ್ಕ ಗರಗಸದ ಹಲ್ಲ ಬಂದಂಗ.

ಬಟ್ಟಲಿಗೆ ಮಾತ್ರ ಆ ಬಡಿದ ಅಗಲ ಗೋಲ ಉಳಿ ಹಿಡೀಬ್ಯಾಡ್ರಿ. ಬಾಲದ ಹತ್ರ ಸಣ್ಣ ಇರ್ತೈತಿ, ಬಟ್ಟಲಿನ್ಯಾಗ ಅಡ್ಡ ನಾರು ಸಿಕ್ಕು ಜಗ್ಗಿದಾಗ ಬಾಲ ಮುರೀತೈತಿ. ಮಂಚದ ಕಾಲಿನಂಥಾ ಉದ್ದ ಕೆಲಸಕ್ಕಷ್ಟ. ಬಟ್ಟಲಿಗೆ ಈಗ ಸದ್ಯ ಹಿಂಗ ಮಾಡ್ರಿ: 12 ಎಂಎಂ ಚೌಕ ಎಂಎಸ್ ಬಾರ್ ತಗೋರಿ, ಮೂತಿಗೆ ಕಾರ್ಬೈಡ್ ಇನ್ಸರ್ಟ್ (ಬದಲಿಸಾಕ ಬರೋ ಸಣ್ಣ ಗಡಸು ಧಾರದ ತುಂಡು) ಕೂಡೋವಷ್ಟು ಜಾಗ ತಿಕ್ಕ್ರಿ, 3.3 ಎಂಎಂ ತೂತು ಕೊರದು ಎಂ4 ಟ್ಯಾಪ್ ಹೊಡೀರಿ, ಸ್ಕ್ರೂ ಹಾಕಿ ಇನ್ಸರ್ಟ್ ಬಿಗೀರಿ. ತಾರಿಹಾಳ, ಗೋಕುಲ ರೋಡಿನ್ಯಾಗ ಸಿಎನ್‌ಸಿ (ಕಂಪ್ಯೂಟರ್ ಮಷಿನ್) ನಡಸೋರ ಕಡೆ ಒಂದು ಮೂಲಿ ಸವದ ಇನ್ಸರ್ಟ್ ಡಬ್ಬಿಗಟ್ಟಲೆ ಇರ್ತಾವ, ತಿರುಗಿಸಿದ್ರ ಬ್ಯಾರೆ ಮೂಲಿ ಸಿಗತೈತಿ. ಆದ್ರ ಅಲ್ಯೂಮಿನಿಯಂ ಕಟ್ ಮಾಡೋ ಇನ್ಸರ್ಟ್ ಬೇಕಂತ ಕೇಳ್ರಿ, ಹೊಳಿಯೋ ಮೈ, ಚೂಪ ಅಂಚು ಇರ್ತೈತಿ. ಸ್ಟೀಲ್ ಕಟ್ ಮಾಡೋವು ಅಂಚು ಮೊಂಡ ಮಾಡಿರ್ತಾರ, ಕಟ್ಟಿಗಿ ಕಡಿಯಂಗಿಲ್ಲ, ಹರೀತಾವ. ಕಾರ್ಬೈಡ್ ಸಾದಾ ಚಕ್ರಕ್ಕ ಹಿಡೀಬ್ಯಾಡ್ರಿ, ತಿಕ್ಕೋದಿದ್ರ ಹಸರ ಚಕ್ರ ಇಲ್ಲಾ ಡೈಮಂಡ್, ಮುಖಕ್ಕ ಮಾಸ್ಕ್ ಬೇಕ, ಅದರ ಧೂಳಿನ್ಯಾಗ ಕೋಬಾಲ್ಟ್ ಇರ್ತೈತಿ.

ಹುಬ್ಳಿ ಲೇಥ್:

ಸರಿ ಹಂಗಾದ್ರ ಹ್ಯಾಕ್ಸಾ ಬ್ಲೇಡಿಂದ ಪಾರ್ಟಿಂಗ್ ಟೂಲ್, ಪ್ಲೇನರ್ ಬ್ಲೇಡಿಂದ ಸ್ಕ್ರೇಪರ್ ಮದಲ ಮಾಡ್ತೀನಿ, ಬೆಂಕಿ ಬೇಕಾಗಿಲ್ಲ. ಜೀಪಿನ ಪಟ್ಟಿಗೆ ಸೀಮೆಎಣ್ಣಿ ಹಚ್ಚಿ ಇಟ್ಟೇನಿ, ಬಿರುಕು ಇಲ್ಲಂದ್ರ ಓರೆ ಉಳಿ ಅದರಿಂದ. ಕಡೀದಾಗ ಒಂದ ಕೇಳೋದಿತ್ತು ಕಾಕಾ, ಹಿಡಿಕಿ ಎಷ್ಟು ಉದ್ದ ಇಡಬೇಕು, ಯಾವ ಕಟ್ಟಿಗಿದು? ನಮ್ಮ ಸಸ್ತಾ ಸೆಟ್ಟಿನ ಹಿಡಿಕಿ ಗೇಣುದ್ದ ಅದಾವ, ಕೈ ನೋಯ್ತಾವ.

ಕಲಘಟಗಿ ಬಡಿಗ:

ಗೇಣುದ್ದ ಸಾಲಂಗಿಲ್ಲ ತಮ್ಮಾ. ಮಂಚದ ಕಾಲು, ಕಂಬಕ್ಕ 25ರಿಂದ 30 ಸೆಂಟಿಮೀಟರ್ ಇಡು, ಬಟ್ಟಲಿನ ಉಳಿಗೆ 40ಕ್ಕ ಹೋಗು, ಮೊಳಕೈ ಕೆಳಗ ಸೊಂಟಕ್ಕ ಆನಿಸಿ ಹಿಡಿಯಾಕ ಬರಬೇಕು, ಜಗ್ಗಿದ್ರ ಮೈ ತಡೀಬೇಕು ಬೆರಳಲ್ಲ. ಕಟ್ಟಿಗಿ ಜಾಲಿ ಇಲ್ಲಾ ಪ್ಯಾರಲ, ಪೂರಾ ಒಣಗಿದ್ದು. ಹಸಿ ಇದ್ರ ಬ್ಯಾಸಿಗ್ಯಾಗ ಸೊರಗಿ ಉಳಿ ಸಡಲ ಆಗತೈತಿ. ಮೂತಿಗೆ ಬಳಿ ಬೇಕಬೇಕು, ಎಸಿ ತಾಮ್ರದ ಪೈಪು ಇಲ್ಲಾ ಜಿಐ ಪೈಪಿನ ತುಂಡು ಬಿಗಿಯಾಗಿ ಹೊಡಿ. ಬಾಲ 7-8 ಸೆಂಟಿಮೀಟರ್ ಒಳಗ ಹೋಗಲಿ.

ತೂತು ಬಾಲಕ್ಕಿಂತ ಸಣ್ಣ ಕೊರಿ, ಆಮ್ಯಾಲೆ ಬಾಲ ಕೆಂಪ ಕಾಸಿ ಒತ್ತಿ ಸುಟ್ಟು ಕೂಡಿಸೋದು ನಮ್ಮ ಹಳೇ ಪದ್ಧತಿ, ಚೌಕ ಬಾಲ ಅಲ್ಲಾಡಂಗಿಲ್ಲ. ಹಂಗ ಮಾಡೋ ಮುಂದ ಉಳಿ ಮೈಗೆ ಹಸಿ ಅರಿವಿ ಸುತ್ತು, ಅರಿವಿ ಬಿಸಿ ಆದಂಗ ಮತ್ತ ನೀರ ಹಾಕು, ಕಾವು ಧಾರದ ಕಡೆ ಏರಿದ್ರ ಹಾಕಿದ ಹದಾ ಅಲ್ಲೇ ಹೋಗತೈತಿ. ಮತ್ತ ಎರಡು ಮೂರು ಸಲ ತಗದು ತಗದು ಒತ್ತು, ಒಮ್ಮೆಲೇ ತುರುಕಿದ್ರ ಹಿಡಿಕಿ ಸೀಳತೈತಿ. ನಿನ್ನ ಜೀಪಿನ ಪಟ್ಟಿ ಮ್ಯಾಲೆ ಖಡು ಹಚ್ಚಿದ ಮ್ಯಾಲೆ ಒಂದು ಫೋಟೋ ಹಾಕು, ಗೆರಿ ಇದ್ರ ಹೇಳ್ತೀನಿ.